ರೋಗ ಊರಿನದು, ಕೀಲಿಕೈ ಲಂಡನ್ನಿನದು

2024ರ ಜನವರಿಯಲ್ಲಿ ಲಿವರ್‌ಪೂಲ್ ನಗರಪಾಲಿಕೆಯ ಸಾರ್ವಜನಿಕ ಆರೋಗ್ಯ ನಿರ್ದೇಶಕ ಮ್ಯಾಟ್ ಆಷ್ಟನ್ ಒಂದು ವರದಿ ಹೊರತಂದರು. ಈಗಿರುವ ಸ್ಥಿತಿಯೇ ಮುಂದುವರಿದರೆ 2040ರ ಹೊತ್ತಿಗೆ ಊರಿನವರ ಆರೋಗ್ಯ ಎಲ್ಲಿಗೆ ಬಂದು ನಿಂತೀತು ಎಂಬ ಲೆಕ್ಕ ಅದರಲ್ಲಿದೆ. ದೊಡ್ಡ ಕಾಯಿಲೆ ಹೊತ್ತು ಬದುಕುವವರ ಸಾಲಿಗೆ ಇನ್ನೂ 38,000 ಜನ ಸೇರುತ್ತಾರೆ. ಖಿನ್ನತೆಗೆ ಒಳಗಾದವರ ಸಂಖ್ಯೆ ಇಮ್ಮಡಿಯಾಗುತ್ತದೆ. ಹೆಂಗಸರ ಸರಾಸರಿ ಆಯುಸ್ಸು ಒಂದು ವರ್ಷ ಇಳಿಯುತ್ತದೆ. ಊರಿನವರು ತಮ್ಮ ಬದುಕಿನ ಕಾಲುಭಾಗಕ್ಕಿಂತ ಹೆಚ್ಚನ್ನು ಅನಾರೋಗ್ಯದಲ್ಲೇ ಕಳೆಯುತ್ತಾರೆ.

ಇದು ಯುದ್ಧವೋ ಬರವೋ ಬಡಿದ ನಾಡಿನ ಮಾತಲ್ಲ. 1948ರಿಂದ ಇಲ್ಲಿಯವರೆಗೆ, ರೋಗಿಯ ಜೇಬು ನೋಡದೆ ಚಿಕಿತ್ಸೆ ಕೊಡುತ್ತ ಬಂದಿರುವ ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆ ಇರುವ ಇಂಗ್ಲೆಂಡಿನ ಮಾತು. ವೈದ್ಯರಿಗೆ ದುಡ್ಡು ಕೊಡಬೇಕಿಲ್ಲದ ದೇಶದಲ್ಲೂ ಬಡವರು ಬೇಗ ಸಾಯುತ್ತಾರೆ ಎಂದಾದರೆ, ಆಯುಸ್ಸನ್ನು ನಿರ್ಧರಿಸುವುದು ಆಸ್ಪತ್ರೆಯಲ್ಲ, ಬೇರೆ ಏನೋ ಇರಬೇಕು. ಆ 'ಬೇರೆ ಏನೋ' ಯಾವುದು, ಅದು ಯಾರ ಕೈಯಲ್ಲಿದೆ ಎಂಬುದನ್ನು ತಿಳಿಯಲು ಲಿವರ್‌ಪೂಲ್‌ಗಿಂತ ಒಳ್ಳೆಯ ಊರು ಸಿಗುವುದು ಕಷ್ಟ.

ನಮಗೆ ಲಿವರ್‌ಪೂಲ್ ಎಂದರೆ ಬೀಟಲ್ಸ್ ಮತ್ತು ಫುಟ್‌ಬಾಲ್. ಆದರೆ ಬ್ರಿಟಿಷ್ ಸರ್ಕಾರದ ಕಡತಗಳಲ್ಲಿ ಅದಕ್ಕೆ ಇನ್ನೊಂದು ಗುರುತಿದೆ. ಇಂಗ್ಲೆಂಡಿನ ಪ್ರತಿ ಬಡಾವಣೆಯನ್ನೂ ಆದಾಯ, ಉದ್ಯೋಗ, ಶಿಕ್ಷಣ, ಆರೋಗ್ಯ, ಅಪರಾಧ, ವಸತಿ ಮತ್ತು ಸೇವೆಗಳು ಕೈಗೆಟುಕುವ ಬಗೆ, ಸುತ್ತಲಿನ ಪರಿಸರ ಎಂಬ ಏಳು ಅಳತೆಗಳಲ್ಲಿ ತೂಗಿ, ಬಡತನದ ಸೂಚ್ಯಂಕವನ್ನು ಅಲ್ಲಿ ಕೆಲವು ವರ್ಷಕ್ಕೊಮ್ಮೆ ಪ್ರಕಟಿಸುತ್ತಾರೆ. 2004, 2007, 2010ರ ಪಟ್ಟಿಗಳಲ್ಲಿ ಇಡೀ ದೇಶದ ಅತಿ ಹಿಂದುಳಿದ ಸ್ಥಳೀಯಾಡಳಿತ ಲಿವರ್‌ಪೂಲ್‌ನದೇ. 2019ರಲ್ಲಿ 317ರ ಪೈಕಿ ಕೆಳಗಿನಿಂದ ಮೂರನೆಯದು. ಆಗ ಊರಿನ ಬಡಾವಣೆಗಳಲ್ಲಿ ಸರಿಸುಮಾರು ಅರ್ಧದಷ್ಟು, ದೇಶದ ಅತಿ ಬಡ ಶೇ. 10ರ ಗುಂಪಿಗೆ ಸೇರಿದ್ದವು.

ಊರಿನ ಸರಾಸರಿ ಆಯುಸ್ಸು ದೇಶದ ಸರಾಸರಿಗಿಂತ ಸುಮಾರು ಮೂರು ವರ್ಷ ಕಡಿಮೆ. ಮೂರೇ ವರ್ಷವಲ್ಲವೇ ಎನಿಸಬಹುದು; ಆದರೆ ಸರಾಸರಿಯ ಒಳಗೆ ಎರಡು ಊರುಗಳು ಅಡಗಿವೆ. ಉತ್ತರದಲ್ಲಿ ಹಳೆಯ ಹಡಗುಕಟ್ಟೆಗಳ ಬೆನ್ನಿಗೆ ಕರ್ಕ್‌ಡೇಲ್, ಎವರ್ಟನ್, ಆನ್‌ಫೀಲ್ಡ್. ಕೋಟ್ಯಂತರ ಪೌಂಡಿನ ಆಟಗಾರರು ಓಡುವ ಮೈದಾನದ ಗೋಡೆಯಾಚೆಗೇ ದೇಶದ ಕಡುಬಡ ಬೀದಿಗಳಿವೆ. ದಕ್ಷಿಣದಲ್ಲಿ ಮರಗಳ ಸಾಲು, ಹಿತ್ತಿಲಿರುವ ಮನೆಗಳ ಮಾಸ್ಲಿ ಹಿಲ್, ಜಾನ್ ಲೆನನ್ ಬೆಳೆದ ವುಲ್ಟನ್. ಅತಿ ಬಡ ವಾರ್ಡಿಗೂ ಅತಿ ಸ್ಥಿತಿವಂತ ವಾರ್ಡಿಗೂ ಆಯುಸ್ಸಿನಲ್ಲಿ ಸುಮಾರು 15 ವರ್ಷದ ಅಂತರ. ಒಂದೇ ಊರು, ಒಂದೇ ಎನ್‌ಎಚ್‌ಎಸ್, ನಡುವೆ ಒಂದು ಬಸ್ ಪ್ರಯಾಣದ ದೂರ.

ಇಷ್ಟು ಹೇಳಿದರೆ ಇದು ಇನ್ನೊಂದು ಬಡ ಊರಿನ ವರದಿಯಾಗಿಬಿಡುತ್ತದೆ. ಲಿವರ್‌ಪೂಲ್‌ನ ವಿಶೇಷ ಬೇರೆ. ಬಡತನದಿಂದ ಬರುವ ಸಾವನ್ನು ಊರಿನ ಆಡಳಿತವೇ ತಡೆಯಬಹುದು ಎಂದು ಇಂಗ್ಲೆಂಡಿಗೆ ತೋರಿಸಿಕೊಟ್ಟಿದ್ದೇ ಈ ಊರು.

1842ರಲ್ಲಿ ಎಡ್ವಿನ್ ಚಾಡ್ವಿಕ್ ದೇಶದ ದುಡಿಯುವ ಜನರ ನೈರ್ಮಲ್ಯದ ಬಗ್ಗೆ ಬರೆದ ಪ್ರಸಿದ್ಧ ವರದಿಯಲ್ಲಿ ಲಿವರ್‌ಪೂಲ್‌ನ ಅಂಕಿಗಳು ಎದ್ದು ಕಾಣುತ್ತವೆ. ಸಾಯುವವರ ಸರಾಸರಿ ವಯಸ್ಸು ಶ್ರೀಮಂತರಲ್ಲಿ 35, ವ್ಯಾಪಾರಿಗಳಲ್ಲಿ 22, ಕೂಲಿಕಾರರಲ್ಲಿ 15. ಎಳೆಯ ಮಕ್ಕಳ ಸಾವು ಅಷ್ಟು ವಿಪರೀತವಾಗಿದ್ದರಿಂದಲೇ ಸಂಖ್ಯೆ ಅಷ್ಟು ಕೆಳಗಿಳಿದಿತ್ತು. ಗುಲಾಮರ ವ್ಯಾಪಾರದಲ್ಲಿ, ಆಮೇಲೆ ಹತ್ತಿಯಲ್ಲಿ ಹಣ ಬಾಚಿದ ಬಂದರು ಅದು. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ನಮ್ಮ ಧಾರವಾಡದ ಹತ್ತಿಗೂ ಅಲ್ಲಿನ ಪೇಟೆಯಲ್ಲಿ ದರ ಕೂಗುತ್ತಿದ್ದರು. ಆ ಹಣದ ನೆರಳಿನಲ್ಲೇ ಸಾವಿರಾರು ಸಂಸಾರಗಳು ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ, ಒಂದೇ ಕಕ್ಕಸನ್ನು ಹತ್ತಾರು ಮನೆಗಳು ಹಂಚಿಕೊಂಡ ಇಕ್ಕಟ್ಟಿನ ವಠಾರಗಳಲ್ಲಿ ಬಾಳುತ್ತಿದ್ದವು.

ಈ ಸ್ಥಿತಿಗೆ ಮೊದಲು ಕೈ ಹಚ್ಚಿದ್ದು ಅಧಿಕಾರಿಗಳಲ್ಲ, ಕಿಟ್ಟಿ ವಿಲ್ಕಿನ್ಸನ್ ಎಂಬ ಐರಿಷ್ ಮೂಲದ ಬಡ ಹೆಂಗಸು. 1832ರಲ್ಲಿ ಕಾಲರಾ ಬಂದಾಗ ಬೀದಿಯಲ್ಲಿ ಬಿಸಿನೀರಿನ ಹಂಡೆ ಇದ್ದದ್ದು ಅವಳ ಮನೆಯಲ್ಲಿ. ರೋಗಿಗಳ ಬಟ್ಟೆ ಹಾಸಿಗೆಗಳನ್ನು ತಂದು ಒಗೆದುಕೊಳ್ಳಿ ಎಂದು ನೆರೆಯವರಿಗೆ ಆಕೆ ಅದನ್ನು ಬಿಟ್ಟುಕೊಟ್ಟಳು. ಹತ್ತು ವರ್ಷದ ಮೇಲೆ, 1842ರಲ್ಲಿ, ನಗರಸಭೆಯೇ ಫ್ರೆಡರಿಕ್ ಸ್ಟ್ರೀಟಿನಲ್ಲಿ ಸಾರ್ವಜನಿಕ ಸ್ನಾನದ ಮನೆ ಮತ್ತು ಬಟ್ಟೆ ಒಗೆಯುವ ಮನೆ ಕಟ್ಟಿಸಿತು. ಬಡವರಿಗೆ ಶುಚಿತ್ವದ ಪಾಠ ಹೇಳುವುದು ಬೇರೆ, ಬಿಸಿನೀರು ಕೊಡುವುದು ಬೇರೆ. ಕಿಟ್ಟಿ ಕೊಟ್ಟದ್ದು ಬಿಸಿನೀರು.

ವೈದ್ಯ ವಿಲಿಯಂ ಹೆನ್ರಿ ಡಂಕನ್ ಇದನ್ನೇ ಆಡಳಿತದ ಮಟ್ಟಕ್ಕೆ ಒಯ್ದರು. ಊರಿನಲ್ಲಿ ಜನ ಇಷ್ಟೊಂದು ಸಾಯುತ್ತಿರುವುದಕ್ಕೆ ಮನೆ, ಚರಂಡಿ, ಗಾಳಿಗಳೇ ಕಾರಣ ಎಂದು ಅವರು 1843ರಲ್ಲಿ ಉಪನ್ಯಾಸ ಕೊಟ್ಟರು. 1846ರಲ್ಲಿ ಲಿವರ್‌ಪೂಲ್ ತನಗಾಗಿಯೇ ಒಂದು ನೈರ್ಮಲ್ಯ ಕಾಯ್ದೆಯನ್ನು ಪಾರ್ಲಿಮೆಂಟಿನಿಂದ ಮಂಜೂರು ಮಾಡಿಸಿಕೊಂಡಿತು. ಅದರ ಬಲದಲ್ಲಿ 1847ರ ಜನವರಿ 1ರಂದು ಡಂಕನ್ ದೇಶದ ಮೊತ್ತಮೊದಲ ಆರೋಗ್ಯಾಧಿಕಾರಿಯಾದರು. ಜೊತೆಗೆ ಜೇಮ್ಸ್ ನ್ಯೂಲ್ಯಾಂಡ್ಸ್ ಊರಿನ ಎಂಜಿನಿಯರ್. ಕೊಳಕು, ದುರ್ನಾತ, ಕಸಗಳ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್ ಥಾಮಸ್ ಫ್ರೆಶ್. ಒಬ್ಬ ವೈದ್ಯ, ಒಬ್ಬ ಎಂಜಿನಿಯರ್, ಒಬ್ಬ ತಪಾಸಣೆಗಾರ: ಊರಿನ ಆರೋಗ್ಯ ಈ ಮೂವರ ಜಂಟಿ ಕೆಲಸ ಎಂಬ ಅರಿವೇ ಅಂದಿನ ಮಟ್ಟಿಗೆ ಹೊಸದು.

ಅವರು ಕೆಲಸಕ್ಕೆ ಇಳಿದ ವರ್ಷವೇ ಐರ್ಲೆಂಡಿನ ಆಲೂಗಡ್ಡೆ ಕ್ಷಾಮದಿಂದ ತತ್ತರಿಸಿದ ಸುಮಾರು 3 ಲಕ್ಷ ಜನ ಲಿವರ್‌ಪೂಲ್‌ನಲ್ಲಿ ಬಂದಿಳಿದರು. ಹಲವರು ಅಮೆರಿಕದ ಹಡಗು ಹತ್ತಿದರು, ಕೈಯಲ್ಲಿ ಕಾಸಿಲ್ಲದವರು ಅಲ್ಲೇ ಉಳಿದರು. ಟೈಫಸ್ ಜ್ವರ ವಠಾರಗಳನ್ನು ಗುಡಿಸಿ ಹಾಕಿತು. ರೋಗಿಗಳ ಬಳಿ ಹೋದ ಹತ್ತು ಮಂದಿ ಕ್ಯಾಥೊಲಿಕ್ ಪಾದ್ರಿಗಳೂ ಅದೇ ಜ್ವರಕ್ಕೆ ಬಲಿಯಾದರು. ನ್ಯೂಲ್ಯಾಂಡ್ಸ್ 1848ರಿಂದ ಇಡೀ ಊರಿಗೆ ಒಟ್ಟಂದದ ಒಳಚರಂಡಿ ತೋಡಿಸತೊಡಗಿದರು. 1859ರಲ್ಲಿ ವರ್ತಕ ವಿಲಿಯಂ ರಾತ್‌ಬೋನ್ ಬಡವರ ಮನೆಗೇ ಹೋಗಿ ಆರೈಕೆ ಮಾಡುವ ನರ್ಸನ್ನು ನೇಮಿಸಿ, ಆ ಬಗೆಯ ಸೇವೆಗೆ ನಾಂದಿ ಹಾಡಿದರು. 1869ರಲ್ಲಿ ನಗರಸಭೆ ಸೇಂಟ್ ಮಾರ್ಟಿನ್ಸ್ ಕಾಟೇಜಸ್ ಎಂಬ ಮನೆಗಳನ್ನು ಕಟ್ಟಿತು. ಇಂಗ್ಲೆಂಡಿನಲ್ಲಿ ಸ್ಥಳೀಯಾಡಳಿತವೊಂದು ಬಾಡಿಗೆದಾರರಿಗಾಗಿ ಕಟ್ಟಿದ ಮೊದಲ ವಸತಿ ಅದು.

ಇದನ್ನು ಪವಾಡದ ಕತೆ ಮಾಡಬೇಕಿಲ್ಲ. ನೆಲಮಾಳಿಗೆಗಳಿಂದ ಜನರನ್ನು ಎಬ್ಬಿಸಿದಾಗ ಅವರಿಗೆ ಬೇರೆ ಮನೆ ಇರಲಿಲ್ಲ. ಹಲವರು ಪಕ್ಕದ ಬೀದಿಯ ಇನ್ನೊಂದು ಇಕ್ಕಟ್ಟಿಗೆ ನುಗ್ಗಿದರು. ಹೊಸ ಮನೆಗಳ ಬಾಡಿಗೆಯೂ ಕಡುಬಡವರಿಗೆ ನಿಲುಕುವಂತಿರಲಿಲ್ಲ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಡಂಕನ್ ಅವರ ವಿಜ್ಞಾನವೇ ತಪ್ಪಾಗಿತ್ತು. ರೋಗ ಹರಡುವುದು ಕೊಳೆತ ಗಾಳಿಯಿಂದ ಎಂದು ಅವರು ನಂಬಿದ್ದರು. ರೋಗಾಣುಗಳ ಸುದ್ದಿ ಇನ್ನೂ ಬಂದಿರಲಿಲ್ಲ. ಆದರೂ ಅವರು ಹಿಡಿದ ದಾರಿ ಸರಿಯಾಗಿತ್ತು, ಏಕೆಂದರೆ ಕಾಯ್ದೆ ಕೈಯಲ್ಲಿತ್ತು, ಊರಿನ ಬೊಕ್ಕಸದಲ್ಲಿ ಹಣವಿತ್ತು, ಚರಂಡಿ ತೋಡುವ ಎಂಜಿನಿಯರ್ ಪಕ್ಕದಲ್ಲಿದ್ದರು. ಇವತ್ತಿನ ಲಿವರ್‌ಪೂಲ್‌ನದು ಇದಕ್ಕೆ ತದ್ವಿರುದ್ಧವಾದ ಪಾಡು. ತಿಳಿವಳಿಕೆ ತುಂಬಿದೆ, ಕೈ ಬರಿದಾಗಿದೆ.

ಊರಿಗೆ ಹಣವಿದ್ದಾಗ ಆರೋಗ್ಯಕ್ಕೆ ಖರ್ಚು ಮಾಡಲು ಅದಕ್ಕೆ ಸ್ವಂತ ಕಾರಣವೂ ಇತ್ತು. ಆಫ್ರಿಕಾದ ಬಂದರುಗಳಿಂದ ನಾವಿಕರು ಜ್ವರ ಹೊತ್ತು ಬಂದರೆ ಹಡಗಿನ ವ್ಯಾಪಾರ ನಿಲ್ಲುತ್ತದೆ. ಹಾಗಾಗಿಯೇ 1898ರಲ್ಲಿ ಹಡಗು ಮಾಲೀಕ ಆಲ್ಫ್ರೆಡ್ ಜೋನ್ಸ್ ಕೊಟ್ಟ ಹಣದಿಂದ ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆ ಹುಟ್ಟಿತು. ಮರುವರ್ಷ ಅಲ್ಲಿ ಪಾಠ ಹೇಳಲು ಬಂದ ರೊನಾಲ್ಡ್ ರಾಸ್‌ಗೆ ನಮ್ಮ ನೆಲದ ನಂಟಿದೆ: 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿದಾಗ ಅದನ್ನು ಹತೋಟಿಗೆ ತರುವ ಕೆಲಸಕ್ಕೆ ಬಂದು ಊರಿನ ನೈರ್ಮಲ್ಯದ ಜೊತೆ ಗುದ್ದಾಡಿದವರು ಅವರು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಿಯನ್ನು ಕಂಡರು, 1902ರಲ್ಲಿ ನೊಬೆಲ್ ಪಡೆದರು.

ಆ ಬಂದರೇ ಕುಸಿದದ್ದು ಇಪ್ಪತ್ತನೇ ಶತಮಾನದ ಕತೆ. ವ್ಯಾಪಾರದ ದಿಕ್ಕು ಅಟ್ಲಾಂಟಿಕ್‌ನಿಂದ ಯೂರೋಪಿನ ಕಡೆಗೆ ತಿರುಗಿತು. ಸಾವಿರ ಹಮಾಲರ ಕೆಲಸವನ್ನು ಕಂಟೇನರ್ ಹಾಗೂ ಕ್ರೇನು ನುಂಗಿದವು. ಹಡಗುಕಟ್ಟೆಯ ಹಿಂದೆಯೇ ಕಾರ್ಖಾನೆಗಳು ಬಾಗಿಲು ಹಾಕಿದವು. ಟೇಟ್ ಅಂಡ್ ಲೈಲ್ ಸಕ್ಕರೆ ಕಾರ್ಖಾನೆ 1981ರಲ್ಲಿ ಮುಚ್ಚಿತು. 1930ರ ದಶಕದಲ್ಲಿ ಸುಮಾರು ಎಂಟೂವರೆ ಲಕ್ಷವಿದ್ದ ಜನಸಂಖ್ಯೆ 2021ರ ಜನಗಣತಿಯಲ್ಲಿ 4,86,000ದ ಆಸುಪಾಸಿಗೆ ಇಳಿದಿತ್ತು. 1981ರಲ್ಲಿ ಟಾಕ್ಸ್ಟೆತ್ ಬಡಾವಣೆ ಗಲಭೆಯಲ್ಲಿ ಉರಿದ ಮೇಲೆ ಹಣಕಾಸು ಸಚಿವ ಜೆಫ್ರಿ ಹೌ, ಈ ಊರಿಗೆ ಹಣ ಸುರಿಯುವ ಬದಲು ಅದರ ಇಳಿಗತಿಯನ್ನೇ ಅಚ್ಚುಕಟ್ಟಾಗಿ ನಿರ್ವಹಿಸುವ ಆಯ್ಕೆಯನ್ನು ಮರೆಯಬಾರದು ಎಂದು ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಬರೆದಿದ್ದರು. ಮೂವತ್ತು ವರ್ಷದ ಬಳಿಕ, 2011ರ ಕೊನೆಗೆ, ಆ ಕಡತ ಬಹಿರಂಗವಾದಾಗ ಊರಿಗೆ ಅಚ್ಚರಿಯಾಗಲಿಲ್ಲ. ಅದನ್ನು ಅದು ಅನುಭವಿಸಿಯೇ ಇತ್ತು.

ಕೆಲಸ ಹೋದರೆ ಸಂಬಳ ಹೋಗುತ್ತದೆ, ಸರಿ. ಆದರೆ ಶ್ವಾಸಕೋಶ ಏಕೆ ಕೆಡುತ್ತದೆ? ನಡುವಿನ ಕೊಂಡಿಗಳನ್ನು ಒಂದೊಂದಾಗಿ ನೋಡಬೇಕು. ಕಡಿಮೆ ಸಂಬಳದವರಿಗೆ ಸಿಗುವುದು ವಿಕ್ಟೋರಿಯಾ ಕಾಲದ ಸಾಲುಮನೆಗಳ ಬಾಡಿಗೆ ಕೋಣೆಗಳು. ಚಳಿಗಾಲದಲ್ಲಿ ಹೀಟರ್ ಹಾಕಲು ಮೊದಲೇ ದುಡ್ಡು ತುಂಬಬೇಕಾದ ಮೀಟರು. ದುಡ್ಡು ಮುಗಿದರೆ ಮನೆ ತಣ್ಣಗಾಗುತ್ತದೆ, ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಆ ಗಾಳಿ ಕುಡಿದ ಮಗುವಿಗೆ ಉಬ್ಬಸ. ಇಂದೋ ನಾಳೆಯೋ ಕೆಲಸ ಹೋದೀತೆಂಬ ಆತಂಕದಲ್ಲಿ ಬದುಕುವವರು ಸಿಗರೇಟು, ಮದ್ಯಗಳಿಗೆ ಒಲಿಯುವುದು ಹೆಚ್ಚು, ಬಿಡುವುದು ಕಡಿಮೆ. ಬೇಗ ಹೊಟ್ಟೆ ತುಂಬಿಸುವ ಅಗ್ಗದ ತಿಂಡಿಯಲ್ಲಿ ಸಕ್ಕರೆ, ಕೊಬ್ಬು, ಉಪ್ಪು ಜಾಸ್ತಿ. ಇವೆಲ್ಲ ಇಪ್ಪತ್ತು ಮೂವತ್ತು ವರ್ಷ ಕೂಡುತ್ತ ಹೋಗಿ ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್, ಉಸಿರಾಟದ ಕಾಯಿಲೆ, ಯಕೃತ್ತಿನ ಕಾಯಿಲೆಗಳ ರೂಪ ತಾಳುತ್ತವೆ. ಲಿವರ್‌ಪೂಲ್‌ಗೂ ದೇಶದ ಉಳಿದ ಭಾಗಕ್ಕೂ ಇರುವ ಆಯುಸ್ಸಿನ ಅಂತರದ ದೊಡ್ಡ ಪಾಲು ಇವುಗಳದ್ದೇ. ಸ್ಕಾಟ್ಲೆಂಡಿನ ರೋಗಿಗಳ ದಾಖಲೆಗಳನ್ನು ಜಾಲಾಡಿದ 2012ರ ಒಂದು ಅಧ್ಯಯನದಂತೆ, ಒಬ್ಬರಿಗೇ ಎರಡು ಮೂರು ದೀರ್ಘ ಕಾಯಿಲೆಗಳು ಗಂಟುಬೀಳುವುದು ಬಡ ಬಡಾವಣೆಗಳಲ್ಲಿ 10ರಿಂದ 15 ವರ್ಷ ಮೊದಲೇ. ಐವತ್ತರಲ್ಲೇ ಅರವತ್ತೈದರ ಮೈ.

ಚಿಕಿತ್ಸೆ ಪುಕ್ಕಟೆ ಎಂಬುದು ಈ ಸರಪಳಿಯ ಕೊನೆಯ ಕೊಂಡಿಗೆ ಮಾತ್ರ ಅನ್ವಯಿಸುತ್ತದೆ. ಅಲ್ಲೂ ಹಂಚಿಕೆ ಸಮನಾಗಿಲ್ಲ. ವೇಲ್ಸ್‌ನ ಗಣಿ ಹಳ್ಳಿಯೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ನಿಯಮದ ರೂಪದಲ್ಲಿ ಬರೆದಿಟ್ಟರು: ಒಳ್ಳೆಯ ವೈದ್ಯ ಸೇವೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಕಡಿಮೆ ಸಿಗುತ್ತದೆ. ಬ್ರಿಟನ್ನಿನ ಕೈಗಾರಿಕಾ ಊರುಗಳ ಬಡ ಬೀದಿಗಳಲ್ಲಿ ಕ್ಲಿನಿಕ್ ತೆರೆಯಲು ಸ್ಥಳೀಯ ವೈದ್ಯರು ಮನಸ್ಸು ಮಾಡದಿದ್ದಾಗ ಆ ಜಾಗ ತುಂಬಿದವರಲ್ಲಿ ಭಾರತ ಉಪಖಂಡದ ವೈದ್ಯರ ಪಾಲು ದೊಡ್ಡದು. ನಮ್ಮ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಲ್ಲಿ ಕಲಿತು ಹೋದವರೂ ಎನ್‌ಎಚ್‌ಎಸ್‌ನಲ್ಲಿ ಬಹಳ ಮಂದಿ ಇದ್ದಾರೆ.

ಲಂಡನ್ನಿನ ಸರ್ಕಾರಕ್ಕೆ ಇದು ತಿಳಿಯದೆ ಉಳಿದ ವಿಷಯವೇ? ಅಲ್ಲ. ಆರೋಗ್ಯದ ಅಸಮಾನತೆಗೆ ಮೂಲ ಬಡತನ ಎಂದು ಸರ್ ಡಗ್ಲಸ್ ಬ್ಲ್ಯಾಕ್ ಸಮಿತಿ 1980ರಲ್ಲೇ ಹೇಳಿತ್ತು. ಆ ಹೊತ್ತಿಗೆ ಬದಲಾಗಿದ್ದ ಸರ್ಕಾರ ವರದಿಯನ್ನು ಆಗಸ್ಟ್ ತಿಂಗಳ ರಜೆಯ ಸಮಯ ನೋಡಿ ಕೇವಲ 260 ಪ್ರತಿ ಹಂಚಿ ಕೈತೊಳೆದುಕೊಂಡಿತು. ಶಿಫಾರಸುಗಳ ಖರ್ಚು ಭರಿಸುವಂಥದ್ದಲ್ಲ ಎಂದು ಸಚಿವರು ಮುನ್ನುಡಿಯಲ್ಲೇ ಬರೆದಿದ್ದರು.

ಹಾಗೆಂದು ಊರು ಕೈಕಟ್ಟಿ ಕೂರಲಿಲ್ಲ. 1980ರ ದಶಕದ ನಡುವೆ ಕೆಲಸವಿಲ್ಲದ ಹುಡುಗರ ನಡುವೆ ಹೆರಾಯಿನ್ ಹಬ್ಬಿತು, ಅದರ ಬೆನ್ನಿಗೇ ಏಡ್ಸ್ ಭಯ ಬಂತು. ಎಡಿನ್‌ಬರೋದಲ್ಲಿ ಪೊಲೀಸರು ಸಿರಿಂಜು ಕಂಡಲ್ಲಿ ಕಿತ್ತುಕೊಂಡರು, ಔಷಧಿ ಅಂಗಡಿಗಳು ಮಾರುವುದನ್ನು ನಿಲ್ಲಿಸಿದವು; ಒಂದೇ ಸೂಜಿ ಹತ್ತು ಕೈ ದಾಟಿತು. ಅಲ್ಲಿನ ಒಂದು ಬಡಾವಣೆಯ ಕ್ಲಿನಿಕ್ಕಿನಲ್ಲಿ ಪರೀಕ್ಷೆಗೊಳಗಾದ ವ್ಯಸನಿಗಳ ಪೈಕಿ ಅರ್ಧದಷ್ಟು ಜನರಲ್ಲಿ ಎಚ್‌ಐವಿ ಕಂಡುಬಂತು. ಲಿವರ್‌ಪೂಲ್ ತಿರುವುಮುರುವು ಮಾಡಿತು. ಜಾನ್ ಆಷ್ಟನ್, ಹೋವರ್ಡ್ ಸೇಮೂರ್ ಮೊದಲಾದ ಸಾರ್ವಜನಿಕ ಆರೋಗ್ಯದವರ ಒತ್ತಾಸೆಯಿಂದ 1986ರಲ್ಲಿ ಮೇರಿಲ್ಯಾಂಡ್ ಸ್ಟ್ರೀಟಿನ ಕೇಂದ್ರವೊಂದರಲ್ಲಿ ಬಳಸಿದ ಸೂಜಿ ಕೊಟ್ಟು ಹೊಸದು ಪಡೆಯುವ ವ್ಯವಸ್ಥೆ ಶುರುವಾಯಿತು. ಅಲ್ಲಿಗೆ ಬಂದವರನ್ನು ಹಿಡಿಯುವುದಿಲ್ಲ ಎಂದು ಪೊಲೀಸರು ಒಪ್ಪಿಕೊಂಡರು. ಚಟ ಬಿಡಿಸುವುದು ಆಮೇಲಿನ ಮಾತು, ಮೊದಲು ಜೀವ ಉಳಿಯಲಿ ಎಂಬ ಈ ಧೋರಣೆಗೆ ಆಗ ನೈತಿಕ ಟೀಕೆ ಬೇಕಾದಷ್ಟು ಬಂತು. ಆದರೆ ಮರ್ಸಿ ನದಿಯ ಸುತ್ತಲಿನ ವ್ಯಸನಿಗಳಲ್ಲಿ ಎಚ್‌ಐವಿ ಹಬ್ಬಲಿಲ್ಲ. 1990ರಲ್ಲಿ ಈ ವಿಧಾನದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೂ ಇದೇ ಊರಿನಲ್ಲಿ. ಡಂಕನ್ ಕಾಲದಂತೆ ಇಲ್ಲಿಯೂ ಗೆದ್ದದ್ದು ಒಂದೇ ಸೂತ್ರ: ನಿರ್ಧಾರ ಊರಿನಲ್ಲೇ ಆಯಿತು, ಜಾರಿಯೂ ಊರಿನಲ್ಲೇ ಆಯಿತು.

ಸೂಜಿಯನ್ನು ಊರೇ ಹಂಚಬಹುದು, ಆದಾಯವನ್ನು ಹಂಚಲಾಗದು. ಅದಕ್ಕೆ ದೇಶದ ಸರ್ಕಾರವೇ ಬೇಕು, ಅದು ಮನಸ್ಸು ಮಾಡಿದರೆ ಫಲ ಸಿಗುತ್ತದೆ ಎಂಬುದಕ್ಕೂ ಪುರಾವೆ ಇದೆ. 1999ರಿಂದ 2010ರ ನಡುವೆ ಲೇಬರ್ ಸರ್ಕಾರ ಆರೋಗ್ಯದ ಅಂತರ ತಗ್ಗಿಸುವುದನ್ನೇ ಗುರಿಯಾಗಿಟ್ಟುಕೊಂಡಿತು. ಕನಿಷ್ಠ ವೇತನ ಜಾರಿಗೆ ಬಂತು, ಮಕ್ಕಳಿರುವ ಬಡ ಸಂಸಾರಗಳಿಗೆ ನೆರವು ಹೆಚ್ಚಿತು, ಎಳೆಯ ಮಕ್ಕಳಿಗಾಗಿ ಶ್ಯೂರ್ ಸ್ಟಾರ್ಟ್ ಕೇಂದ್ರಗಳು ತೆರೆದವು, ಸರ್ಕಾರಿ ಮನೆಗಳು ದುರಸ್ತಿ ಕಂಡವು, ಹಿಂದುಳಿದ ಊರುಗಳ ಎನ್‌ಎಚ್‌ಎಸ್‌ಗೆ ಹೆಚ್ಚು ಹಣ ಹೋಯಿತು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಬೆನ್ ಬಾರ್, ಮಾರ್ಗರೆಟ್ ವೈಟ್‌ಹೆಡ್ ಮತ್ತು ಸಂಗಡಿಗರು 2017ರಲ್ಲಿ ಇದರ ಲೆಕ್ಕ ತೆಗೆದರು. ಅದಕ್ಕೆ ಮುಂಚೆ ಬಡ ಊರುಗಳಿಗೂ ಉಳಿದವಕ್ಕೂ ಆಯುಸ್ಸಿನ ಅಂತರ ಅಗಲವಾಗುತ್ತಿತ್ತು. ಆ ವರ್ಷಗಳಲ್ಲಿ ಕಿರಿದಾಯಿತು. ಆಮೇಲೆ ಮತ್ತೆ ಅಗಲವಾಗತೊಡಗಿತು. ಹಳೆಯ ಗತಿಯೇ ಮುಂದುವರಿದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ 2012ರ ಹೊತ್ತಿಗೆ ಅಂತರ ಗಂಡಸರಲ್ಲಿ 1.2 ವರ್ಷ, ಹೆಂಗಸರಲ್ಲಿ 0.6 ವರ್ಷ ಕಡಿಮೆಯಿತ್ತು. ಆಯುಸ್ಸಿನ ಲೆಕ್ಕದಲ್ಲಿ ಇದು ಸಣ್ಣ ಗಳಿಕೆಯಲ್ಲ.

2010ರಿಂದ ಬಂದ ಮಿತವ್ಯಯದ ನೀತಿ ಆ ಗಳಿಕೆಯನ್ನು ಹೇಗೆ ಕರಗಿಸಿತು ಎಂದು ತಿಳಿಯಲು ಮನೆ ತೆರಿಗೆಯ ಲೆಕ್ಕ ನೋಡಬೇಕು. ಇಂಗ್ಲೆಂಡಿನ ಮನೆಗಳನ್ನು 1991ರ ಬೆಲೆಯ ಪ್ರಕಾರ ಎ ಇಂದ ಎಚ್‌ವರೆಗೆ ಎಂಟು ದರ್ಜೆ ಮಾಡಿದ್ದಾರೆ. ಕೆಳಗಿನ ಎ ದರ್ಜೆಗೆ ತೆರಿಗೆ ಕಡಿಮೆ. ದೇಶದಲ್ಲಿ ಸುಮಾರು ಕಾಲುಭಾಗದಷ್ಟು ಮನೆಗಳು ಈ ದರ್ಜೆಯವಾದರೆ ಲಿವರ್‌ಪೂಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು. ಅಂದರೆ ಊರಿಗೆ ತನ್ನದೇ ತೆರಿಗೆಯಿಂದ ಬರುವುದು ಅಲ್ಪ, ಲಂಡನ್ನಿನ ಅನುದಾನವೇ ಆಸರೆ. ಆ ಅನುದಾನಕ್ಕೆ ಕತ್ತರಿ ಬಿದ್ದಾಗ ಸಿರಿವಂತ ಊರಿಗೆ ಗೀರು, ಬಡ ಊರಿಗೆ ಗಾಯ. ತೆರಿಗೆ ದರವನ್ನು ಒಂದಿಷ್ಟು ಏರಿಸಿ ಸರಿದೂಗಿಸೋಣ ಎಂದರೆ, ಅಗ್ಗದ ಮನೆಗಳ ಊರಿನಲ್ಲಿ ಏರಿಸಿದ್ದೂ ಅಲ್ಪವೇ ಆಗುತ್ತದೆ.

ಇದೇ ಹೊತ್ತಿಗೆ, 2013ರ ಏಪ್ರಿಲ್‌ನಲ್ಲಿ, ಸಾರ್ವಜನಿಕ ಆರೋಗ್ಯದ ಹೊಣೆಯನ್ನು ಎನ್‌ಎಚ್‌ಎಸ್‌ನಿಂದ ತೆಗೆದು ಮತ್ತೆ ಸ್ಥಳೀಯಾಡಳಿತಗಳಿಗೆ ಒಪ್ಪಿಸಿದರು. ಆರೋಗ್ಯಾಧಿಕಾರಿ ಊರಿನ ಎಂಜಿನಿಯರ್ ಪಕ್ಕ ಕೂರುವುದು ಡಂಕನ್ ಮೆಚ್ಚುವ ಏರ್ಪಾಡೇ. ಆದರೆ ಅದಕ್ಕೆಂದು ಕೊಡುವ ಅನುದಾನ 2015ರ ನಂತರ ಬೆಲೆಯೇರಿಕೆ ಕಳೆದರೆ ತಲಾವಾರು ಕಾಲುಭಾಗದಷ್ಟು ಇಳಿಯಿತು. ಧೂಮಪಾನ ಬಿಡಿಸುವುದು, ವ್ಯಸನಮುಕ್ತಿ, ಲೈಂಗಿಕ ಆರೋಗ್ಯ, ಬಾಣಂತಿ ಮತ್ತು ಕೂಸಿನ ಮನೆಗೆ ಭೇಟಿ ಕೊಡುವ ನರ್ಸು, ಎಲ್ಲವೂ ಅದೇ ಥೈಲಿಯಿಂದ ನಡೆಯಬೇಕು. ಹೊಣೆ ಊರಿಗೆ ಬಂತು, ಹಣ ಹಿಂದೆ ಬರಲಿಲ್ಲ.

ಮಕ್ಕಳ ಲೆಕ್ಕ ಇನ್ನೂ ಕಠೋರ. 2017ರ ಏಪ್ರಿಲ್ ಬಳಿಕ ಹುಟ್ಟಿದ ಮೂರನೆಯ ಮಗುವಿಗೆ ಸರ್ಕಾರಿ ನೆರವಿನ ಪಾಲಿಲ್ಲ ಎಂಬ ನಿಯಮ ಬಂತು. ಇಂಗ್ಲೆಂಡಿನಲ್ಲಿ ದಶಕಗಳಿಂದ ಇಳಿಯುತ್ತ ಬಂದಿದ್ದ ಶಿಶುಮರಣ ಪ್ರಮಾಣ ಆ ದಶಕದ ನಡುವೆ ಬಡ ಪ್ರದೇಶಗಳಲ್ಲಿ ಮೇಲೇರತೊಡಗಿತ್ತು. 2014ರಿಂದ 2017ರ ನಡುವಿನ ಆ ಏರಿಕೆಯ ಮೂರನೇ ಒಂದು ಭಾಗಕ್ಕೆ ಮಕ್ಕಳ ಬಡತನ ಹೆಚ್ಚಿದ್ದೇ ಕಾರಣವಿರಬಹುದು ಎಂದು ಲಿವರ್‌ಪೂಲ್ ವಿಶ್ವವಿದ್ಯಾಲಯದ ಡೇವಿಡ್ ಟೇಲರ್-ರಾಬಿನ್ಸನ್ ಮತ್ತು ಸಂಗಡಿಗರು 2019ರಲ್ಲಿ ಅಂದಾಜಿಸಿದರು. ಎವರ್ಟನ್ ಮತ್ತು ಲಿವರ್‌ಪೂಲ್ ಕ್ಲಬ್ಬುಗಳ ಬದ್ಧವೈರಿ ಅಭಿಮಾನಿಗಳು 2015ರಿಂದ ಒಟ್ಟಾಗಿ ಪಂದ್ಯದ ದಿನ ಕ್ರೀಡಾಂಗಣದ ಹೊರಗೆ ಬಡವರಿಗಾಗಿ ಆಹಾರ ಸಂಗ್ರಹಿಸುತ್ತಿದ್ದಾರೆ. ಜನರ ಒಳ್ಳೆಯತನಕ್ಕೆ ಇದು ಸಾಕ್ಷಿ, ಸರ್ಕಾರದ ಮಟ್ಟಿಗೆ ದೋಷಾರೋಪ.

ಕೋವಿಡ್ ಕಾಲದಲ್ಲಿ ಇವೆಲ್ಲ ಒಂದೇ ಕಡೆ ಕಣ್ಣಿಗೆ ಬಿದ್ದವು. ಲಕ್ಷಣವಿರಲಿ ಬಿಡಲಿ, ಇಡೀ ಊರಿಗೇ ಕ್ಷಿಪ್ರ ಪರೀಕ್ಷೆ ಮಾಡುವ ಬ್ರಿಟನ್ನಿನ ಮೊದಲ ಪ್ರಯೋಗ 2020ರ ನವೆಂಬರ್ 6ರಂದು ಲಿವರ್‌ಪೂಲ್‌ನಲ್ಲಿ ಆರಂಭವಾಯಿತು. ಸುಮಾರು 2,000 ಸೈನಿಕರು ಬಂದರು, ಪರೀಕ್ಷೆ ಉಚಿತ. ಆದರೂ ಸೋಂಕು ಹೆಚ್ಚಿದ್ದ ಬಡ ಬಡಾವಣೆಗಳವರೇ ಪರೀಕ್ಷೆಗೆ ಕಡಿಮೆ ಬಂದರು. ಕಾರಣ ಅಜ್ಞಾನವೆಂದುಕೊಂಡರೆ ತಪ್ಪು. ಪಾಸಿಟಿವ್ ಬಂದರೆ ಮನೆಯಲ್ಲಿ ಕೂರಬೇಕಿತ್ತು. ಕೂತರೆ ಕಾನೂನಿನ ಪ್ರಕಾರ ಆಗ ಸಿಗುತ್ತಿದ್ದ ಕನಿಷ್ಠ ರಜೆ ವೇತನ ವಾರಕ್ಕೆ 95.85 ಪೌಂಡು. ಬಾಡಿಗೆ ಕಟ್ಟಬೇಕಾದವರಿಗೆ ಪರೀಕ್ಷೆ ಮಾಡಿಸಿಕೊಳ್ಳುವುದೇ ದುಬಾರಿಯಾಗಿತ್ತು.

ಕೋವಿಡ್ ಬಳಿಕ ದಡಾರದ ಸರದಿ. ಮಕ್ಕಳಲ್ಲಿ ಶೇ. 95ರಷ್ಟು ಮಂದಿಗೆ ಎರಡು ಸುತ್ತು ಲಸಿಕೆ ಆಗಿದ್ದರೆ ದಡಾರ ಹಬ್ಬುವುದಿಲ್ಲ. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಸುತ್ತು ಪಡೆದ ಮಕ್ಕಳು ಲಿವರ್‌ಪೂಲ್‌ನಲ್ಲಿ ಸುಮಾರು ಶೇ. 73. 2025ರ ಜುಲೈನಲ್ಲಿ ಊರಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ದಡಾರ ತಗುಲಿದ್ದ, ಬೇರೆ ತೊಂದರೆಗಳೂ ಇದ್ದ ಮಗುವೊಂದು ತೀರಿಕೊಂಡಾಗ ದೇಶ ಒಮ್ಮೆ ಇತ್ತ ತಿರುಗಿ ನೋಡಿತು. ಲಸಿಕೆಯ ಬಗೆಗಿನ ಅಪಪ್ರಚಾರದ ಪಾಲು ಇದರಲ್ಲಿ ಇದ್ದೇ ಇದೆ. ಜೊತೆಗೆ, ಮನೆಮನೆಗೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡುವ ನರ್ಸುಗಳ ಸಂಖ್ಯೆಗೆ ಕತ್ತರಿ ಹಾಕಿ, ಆಮೇಲೆ ತಾಯಂದಿರೇ ಬರಲಿಲ್ಲ ಎಂದು ದೂರುವುದು ಎಷ್ಟು ಸರಿ?

ಊರಿನವರದೂ ತಪ್ಪಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಿಗರೇಟು ಸೇದುವವರು ಅವರೇ. ನಗರಪಾಲಿಕೆಯೂ ಸಾಚಾ ಅಲ್ಲ: ಭೂಮಿ, ಗುತ್ತಿಗೆಗಳ ವ್ಯವಹಾರದಲ್ಲಿ ಗಂಭೀರ ಲೋಪಗಳು ಹೊರಬಿದ್ದು 2021ರಲ್ಲಿ ಸರ್ಕಾರ ಅದರ ಮೇಲೆ ಆಯುಕ್ತರನ್ನೇ ಕೂರಿಸಬೇಕಾಯಿತು, ಅವರು ಮರಳಿದ್ದು 2024ರಲ್ಲಿ. ಆದರೆ ಊರು ತಾನಾಗಿ ಕೈಹಾಕಿದ ಕೆಲಸಗಳಿಗೆ ಏನಾಯಿತು ಎಂಬುದನ್ನೂ ನೋಡಬೇಕು. ಕೆಲಸದ ಜಾಗಗಳಲ್ಲಿ ಧೂಮಪಾನ ನಿಷೇಧಿಸಲು ದೇಶಕ್ಕಿಂತ ಮುಂಚೆಯೇ ಲಿವರ್‌ಪೂಲ್ ಹೊರಟಿತು. ಅದಕ್ಕಾಗಿ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆ ಮಂಡಿಸಿ ಕಾಯಬೇಕಾಯಿತು, ಕೊನೆಗೆ 2007ರಲ್ಲಿ ಇಡೀ ಇಂಗ್ಲೆಂಡಿನ ಕಾನೂನಿನ ಜೊತೆಗೇ ನಿಷೇಧ ಬಂತು. 2015ರಲ್ಲಿ ಊರಿನ ಎಲ್ಲ ಖಾಸಗಿ ಬಾಡಿಗೆ ಮನೆಗಳ ಮಾಲೀಕರೂ ಪರವಾನಗಿ ಪಡೆಯಬೇಕೆಂದು ಪಾಲಿಕೆ ನಿಯಮ ಮಾಡಿತು. ತೇವ, ಬೂಷ್ಟು, ಹಾಳು ವೈರಿಂಗ್‌ಗಳ ಮೇಲೆ ಇನ್‌ಸ್ಪೆಕ್ಟರುಗಳು ಬಿದ್ದರು. ಐದು ವರ್ಷ ಮುಗಿದು ಮುಂದುವರಿಸಲು ಅನುಮತಿ ಕೇಳಿದಾಗ ಲಂಡನ್ ಒಪ್ಪಲಿಲ್ಲ. ಮತ್ತೆ ಅರ್ಜಿ ಹಾಕಿ, 2022ರಲ್ಲಿ ಊರಿನ ಸುಮಾರು ಶೇ. 80 ಬಾಡಿಗೆ ಮನೆಗಳಿಗಷ್ಟೇ ಅದನ್ನು ಮರಳಿ ತರಬೇಕಾಯಿತು. ಥಾಮಸ್ ಫ್ರೆಶ್ 1847ರಲ್ಲಿ ಮಾಡುತ್ತಿದ್ದ ಕೆಲಸಕ್ಕೆ 2020ರಲ್ಲಿ ಊರು ಅನುಮತಿ ಬೇಡಬೇಕಾಯಿತು.

ಅನುಮತಿ ಬೇಡದ ಕಡೆ ಊರು ಈಗಲೂ ದಾರಿ ತೋರುತ್ತದೆ. 2016ರಿಂದ ಇಲ್ಲಿನ ಆರೋಗ್ಯ ಸೇವೆಯವರು ಸಿಗರೇಟು ಸೇದುವ, ಸೇದಿದ್ದ ಹಿರಿಯರನ್ನು ಕೆಮ್ಮು ಬರುವ ಮೊದಲೇ ಕರೆದು ಶ್ವಾಸಕೋಶದ ತಪಾಸಣೆ ಮಾಡತೊಡಗಿದರು. ಶುರು ಮಾಡಿದ್ದು ಅತಿ ಬಡ ಬಡಾವಣೆಗಳಿಂದ. ಕ್ಯಾನ್ಸರನ್ನು ಕತ್ತರಿಸಿ ತೆಗೆಯಬಹುದಾದ ಹಂತದಲ್ಲೇ ಹಿಡಿಯುವ ಇಂಥ ಪ್ರಯೋಗಗಳು ಮುಂದೆ ಇಡೀ ಇಂಗ್ಲೆಂಡಿನ ಕಾರ್ಯಕ್ರಮಕ್ಕೆ ಬುನಾದಿಯಾದವು.

2025ರ ನವೆಂಬರ್ ಬಜೆಟ್ಟಿನಲ್ಲಿ ಬ್ರಿಟಿಷ್ ಸರ್ಕಾರ, ಎರಡೇ ಮಕ್ಕಳಿಗೆ ನೆರವು ಎಂಬ ನಿಯಮವನ್ನು 2026ರ ಏಪ್ರಿಲ್‌ನಿಂದ ರದ್ದು ಮಾಡುವುದಾಗಿ ಘೋಷಿಸಿತು. ಲಿವರ್‌ಪೂಲ್‌ನ ಮಕ್ಕಳ ಆರೋಗ್ಯಕ್ಕೆ ಇತ್ತೀಚಿನ ವರ್ಷಗಳಲ್ಲಿ ಆದ ದೊಡ್ಡ ಉಪಕಾರ ಇದೇ ಇರಬಹುದು. ಗಮನಿಸಿ, ಅದನ್ನು ಮಾಡಿದ್ದು ಆರೋಗ್ಯ ಇಲಾಖೆಯಲ್ಲ, ಹಣಕಾಸು ಇಲಾಖೆ. ಎಂಟು ವರ್ಷ ಮುಂಚೆ ಆ ನಿಯಮ ತಂದಿದ್ದೂ ಅದೇ ಕಟ್ಟಡ.

2040ರ ವರದಿಯನ್ನು ಹಾಗಾಗಿ ಭವಿಷ್ಯವಾಣಿಯೆಂದು ಓದಬಾರದು. ಅದು ಈಗಿನ ನೀತಿಗಳ ಬಿಲ್ಲು, ಮುಂಗಡವಾಗಿ ಬಂದಿದೆ. ಮನೆ, ಕೂಲಿ, ಬಾಡಿಗೆ, ಮಕ್ಕಳ ಊಟ ಇವುಗಳ ಬಗ್ಗೆ ನಿರ್ಧರಿಸುವವರೇ ಆಯುಸ್ಸಿನ ಬಗ್ಗೆಯೂ ನಿರ್ಧರಿಸುತ್ತಾರೆ. ಆ ಅಧಿಕಾರ, ಅದಕ್ಕೆ ತಕ್ಕ ಹಣ ಊರಿನ ಕೈಗೆ ಬರಬೇಕು. ಬಾರದಿದ್ದರೆ, ಅವನ್ನು ಹಿಡಿದಿಟ್ಟುಕೊಂಡವರೇ ಆ 15 ವರ್ಷಗಳಿಗೂ ಉತ್ತರ ಹೇಳಬೇಕು. ಆರೋಗ್ಯಾಧಿಕಾರಿಯನ್ನು ನೇಮಿಸಿ, ವರದಿ ಬರೆಸಿ, ಅದನ್ನು ಜಾರಿಗೆ ತರುವ ಬಲವನ್ನು ಮಾತ್ರ ತಮ್ಮಲ್ಲೇ ಉಳಿಸಿಕೊಳ್ಳುವ ಸರ್ಕಾರ ಲಂಡನ್ನಿನಲ್ಲಿರಲಿ, ಇನ್ನೆಲ್ಲೇ ಇರಲಿ, ಅದು ರೋಗವನ್ನು ಎಣಿಸುತ್ತದೆಯೇ ಹೊರತು ತಡೆಯುವುದಿಲ್ಲ.